ಮಗನ ಫ್ರೆಂಡ್ ಮನೆಯಲ್ಲಿ ಗನ್ ಇದೆಯಂತೆ, ರಾತ್ರಿ ಮಲಗೋಕೆ ಕಳಿಸೋದಾ ಬೇಡ್ವಾ?

ಡಲ್ಲಾಸ್_ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಬಂದು 4 ವರ್ಷ ಆಯ್ತು. ಮಗನಿಗೆ 8 ವರ್ಷ, ಮೂರನೇ ಕ್ಲಾಸು. ಬರೋ ಶನಿವಾರ ಅವನ ಕ್ಲಾಸಿನ ಹುಡುಗನೊಬ್ಬನ ಹುಟ್ಟುಹಬ್ಬ, ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಬರೋದು. ಒಳ್ಳೆ ಮನೆ, ಅಪ್ಪ ಅಮ್ಮ ಇಬ್ಬರೂ ಸಿಕ್ಕಾಗ ನಗುನಗುತ್ತಾ ಮಾತಾಡ್ತಾರೆ, ನಾವು ಹೊಸದಾಗಿ ಬಂದಾಗ ಸೋಫಾ ಎತ್ತಿಡೋಕೂ ಬಂದಿದ್ದರು. ನಾನು ಹೂಂ ಅಂದುಬಿಟ್ಟಿದ್ದೆ.

ಮೊನ್ನೆ ದೋಸೆ ತಿನ್ನುತ್ತಾ ಮಗ ಹೇಳಿದ, "ಅಮ್ಮ, ಅವನ ಡ್ಯಾಡಿ ಮಂಚದ ಪಕ್ಕದ ಡ್ರಾಯರಲ್ಲಿ ನಿಜವಾದ ಗನ್ ಇದೆ. ಅವನು ಮುಟ್ಟಿದಾನಂತೆ. ತುಂಬಾ ಭಾರ ಇದೆಯಂತೆ." ಹೇಳಿದ ಧಾಟಿ ಹೇಗಿತ್ತು ಅಂದರೆ ಅವರ ಮನೆಯಲ್ಲಿ ಹೊಸ ನಾಯಿಮರಿ ತಂದಿದ್ದಾರೆ ಅನ್ನೋ ಹಾಗೆ. ನನ್ನ ಕೈಲಿದ್ದ ಸಟ್ಟುಗ ಹಾಗೇ ನಿಂತಿತು.

ಇವನಿಗೆ ಗನ್ ಅಂದರೇನು ಅಂತ ಗೊತ್ತಿಲ್ಲ ಅಂತಲ್ಲ. ಗನ್ ಹಿಡಿದವನು ಒಳಗೆ ನುಗ್ಗಿದರೆ ಏನು ಮಾಡಬೇಕು ಅಂತ ಕಿಂಡರ್‌ಗಾರ್ಟನ್‌ನಿಂದ ಸ್ಕೂಲಲ್ಲಿ ಲಾಕ್‌ಡೌನ್ ಡ್ರಿಲ್ ಮಾಡಿಸ್ತಾರೆ. ಲೈಟ್ ಆರಿಸಿ, ಬಾಗಿಲಿಂದ ಕಾಣದ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರೋದು. ಹೋದ ವರ್ಷ ಹೆಜ್ಜೆ ಇಟ್ಟರೆ ಮಿಣಮಿಣ ಅನ್ನೋ ಶೂ ಕೊಡಿಸೋಕೆ ಹೋದರೆ ಬೇಡ ಅಂದ. ಯಾಕೋ ಅಂದರೆ "ಕತ್ತಲಲ್ಲಿ ಕಾಣುತ್ತೆ ಅಮ್ಮ." ಯುವಾಲ್ಡಿಯ ಸ್ಕೂಲಲ್ಲಿ 2022ರಲ್ಲಿ ಗುಂಡೇಟಿಗೆ 19 ಮಕ್ಕಳು, ಇಬ್ಬರು ಟೀಚರ್‌ಗಳು ಹೋದರಲ್ಲ, ಅದು ನಮ್ಮ ಟೆಕ್ಸಸ್ಸೇ. ಅಲ್ಲಿ ಸತ್ತ ಮಕ್ಕಳು 9ರಿಂದ 11 ವರ್ಷದವರು.

ನಮ್ಮ ಯಜಮಾನರು ಹೇಳೋದೇ ಬೇರೆ. ಎಲ್ಲದಕ್ಕೂ ಆ ಫೋರ್ಟ್‌ನೈಟ್ ಗೇಮ್ ಕಾರಣವಂತೆ. ದಿನಾ ಢಂ ಢಂ ಅಂತ ಸುಡೋದನ್ನೇ ಆಡ್ತಿದ್ದರೆ ಗನ್ ಕಂಡಾಗ ಕೈ ಸುಮ್ನಿರುತ್ತಾ ಅಂತ. ಐಪ್ಯಾಡ್ ತೆಗೆದು ಅಡುಗೆಮನೆ ಕಪಾಟಿನ ಮೇಲೆ ಇಟ್ಟಿದ್ದಾರೆ. ಈಗ ಇವನು ಲಟ್ಟಣಿಗೆ ಹಿಡಿದು ಸೋಫಾ ಹಿಂದಿನಿಂದ ನಮ್ಮನ್ನೇ ಸುಡ್ತಾನೆ.

ಪಾರ್ಟಿಗೆ ಕಳಿಸೋದಾ ಬೇಡ್ವಾ, ಆ ಅಮ್ಮನ ಹತ್ರ ಗನ್ ವಿಷಯ ಹೇಗೆ ಕೇಳೋದು, ಮತ್ತೆ ಗೇಮ್ ನಿಲ್ಲಿಸಿದರೆ ನಿಜವಾಗಲೂ ಏನಾದರೂ ಉಪಯೋಗ ಇದೆಯಾ? ಕೇಳಿದರೆ "ಇವರು ನಮ್ಮನ್ನ ನಂಬಲ್ಲ" ಅಂದುಕೊಳ್ಳಲ್ವಾ?

ರಾತ್ರಿಪಾಳಿ

ಮೇಡಂ, ಮೊದಲೇ ಹೇಳಿಬಿಡ್ತೀನಿ, ನಾನು ಗೇಮ್ ಆಡುವವನು. ಹದಿನೈದು ವರ್ಷದಿಂದ ಆಡ್ತಿದ್ದೀನಿ, ಬೆಂಗಳೂರಲ್ಲಿ ಬಾಡಿಗೆ ಕಟ್ಟಿಕೊಂಡು ಇದ್ದೀನಿ, ಇದುವರೆಗೂ ಸೊಳ್ಳೆ ಬ್ಯಾಟ್ ಬಿಟ್ಟರೆ ಬೇರೆ ಆಯುಧ ಹಿಡಿದಿಲ್ಲ.

ನಿಮ್ಮ ಯಜಮಾನರು ಹೇಳೋ ಮಾತು ಹಳೇದು. 1999ರಲ್ಲಿ ಕೊಲಂಬೈನ್ ಸ್ಕೂಲಲ್ಲಿ ಗುಂಡು ಹಾರಿಸಿದ ಹುಡುಗರು ಡೂಮ್ ಅನ್ನೋ ಗೇಮ್ ಆಡ್ತಿದ್ದರು ಅಂತ ಗೇಮ್ ಮೇಲೆ ಬಿದ್ದರು. ಕ್ಯಾಲಿಫೋರ್ನಿಯಾದವರು ಹಿಂಸೆಯ ಗೇಮ್‌ಗಳನ್ನ ಮಕ್ಕಳಿಗೆ ಮಾರಬಾರದು ಅಂತ ಕಾನೂನು ಮಾಡಿದರು, 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರಲ್ಲಿ ಅದನ್ನ ಹೊಡೆದು ಹಾಕಿತು. 2019ರಲ್ಲಿ ಆಕ್ಸ್‌ಫರ್ಡ್‌ನವರು ಸುಮಾರು ಸಾವಿರ ಬ್ರಿಟಿಷ್ ಹುಡುಗ ಹುಡುಗಿಯರನ್ನ ತಗೊಂಡು, ಅಪ್ಪ ಅಮ್ಮನನ್ನೂ ಕೇಳಿ ನೋಡಿದರು. ಹಿಂಸೆಯ ಗೇಮ್ ಆಡೋದಕ್ಕೂ ಅವರ ಜಗಳಗಂಟತನಕ್ಕೂ ನಂಟು ಸಿಗಲಿಲ್ಲ. ಇನ್ನೊಂದು, ಜಪಾನ್, ಕೊರಿಯಾದ ಮಕ್ಕಳು ಇದೇ ಗೇಮ್‌ಗಳನ್ನ ಆಡ್ತಾರೆ. ಅಲ್ಲಿ ಸ್ಕೂಲಲ್ಲಿ ಗುಂಡು ಹಾರಲ್ಲ. ಯಾಕೆ? ಡ್ರಾಯರ್ ತೆಗೆದರೆ ಅಲ್ಲಿ ಕಾಲುಚೀಲ ಇರುತ್ತೆ, ಗನ್ ಅಲ್ಲ.

2022ರಲ್ಲಿ ಲಖನೌದಲ್ಲಿ 16ರ ಹುಡುಗ ತಾಯಿಯನ್ನ ಗುಂಡಿಟ್ಟು ಕೊಂದ ಸುದ್ದಿ ನೆನಪಿದೆಯಾ? ಒಂದು ವಾರ ಟಿವಿಯಲ್ಲಿ ಪಬ್‌ಜಿ ಪಬ್‌ಜಿ ಪಬ್‌ಜಿ. ಅಪ್ಪನ ಲೈಸೆನ್ಸ್ ಪಿಸ್ತೂಲು ಆ ಹುಡುಗನ ಕೈಗೆ ಹೇಗೆ ಸಿಕ್ಕಿತು ಅಂತ ಎಷ್ಟು ಆಂಕರ್‌ಗಳು ಕೂಗಾಡಿದರು ಹೇಳಿ ನೋಡೋಣ.

ಐಪ್ಯಾಡ್ ಕೆಳಗಿಳಿಸಿ ಪಾಪ. ಆದರೆ ಆ ಮನೆಗೆ ಮಾತ್ರ ಕಳಿಸಬೇಡಿ.

ಹಳ್ಳಿ_ಮೇಷ್ಟ್ರು

ರಾತ್ರಿಪಾಳಿಯವರ ಮಾತು ಅರ್ಧ ಸರಿ. ಆದರೆ ಅವರು ಕೈ ತೊಳೆದುಕೊಂಡ ಸ್ಪೀಡ್ ನೋಡಿ ನನಗೆ ನಗು ಬಂತು.

ನಾನು ಸರ್ಕಾರಿ ಶಾಲೆಯಲ್ಲಿ 22 ವರ್ಷದಿಂದ ಪಾಠ ಮಾಡ್ತಿದ್ದೇನೆ. ಗೇಮ್‌ನಿಂದ ಕೊಲೆ ಆಗುತ್ತೆ ಅಂತ ನಾನೂ ಹೇಳಲ್ಲ. ಆದರೆ ನೋಡಿದ್ದು ಮಕ್ಕಳ ಮೈಗೆ ಇಳಿಯಲ್ಲ ಅಂದರೆ ಒಪ್ಪಲ್ಲ. ದೊಡ್ಡ ಆಕ್ಷನ್ ಸಿನಿಮಾ ಬಂದ ವಾರ ನಮ್ಮ ಏಳನೇ ಕ್ಲಾಸಿನ ಹುಡುಗರ ನಡಿಗೆಯೇ ಬೇರೆ. ಹೆಗಲು ಓರೆ, ಸ್ಕೇಲು ಬೆನ್ನ ಹಿಂದೆ ಸಿಕ್ಕಿಸಿಕೊಂಡು ಬರೋದು, ಎಳೆಯೋದು. ನಮ್ಮ ಕಡೆ ಗನ್‌ಗಿಂತ ಲಾಂಗೇ ಜಾಸ್ತಿ ಅಲ್ವಾ. 2025ರ ಮಾರ್ಚಲ್ಲಿ ಟಿವಿ ಶೋಗೆ ಹೋಗಿ ಬಂದ ಇಬ್ಬರು ದೊಡ್ಡ ಗಂಡಸರನ್ನೇ ಮಚ್ಚು ಹಿಡಿದು ರೀಲ್ಸ್ ಮಾಡಿದ್ದಕ್ಕೆ ಬೆಂಗಳೂರು ಪೊಲೀಸರು ಹಿಡಿದರು. ಅವರಿಗೇ ಅಷ್ಟು ಮೋಹ ಇದ್ದರೆ ಹನ್ನೆರಡರ ಹುಡುಗನಿಗೆ ಎಷ್ಟಿರಬೇಡ?

ಈಗ ನಿಮ್ಮ ಡ್ರಾಯರ್ ವಿಷಯಕ್ಕೇ ಬರ್ತೀನಿ. ಓಹಾಯೋ ಸ್ಟೇಟ್ ಯೂನಿವರ್ಸಿಟಿಯವರು ಒಂದು ಪ್ರಯೋಗ ಮಾಡಿದ್ದರು, 2017ರಲ್ಲಿ ಬಂತು. 8ರಿಂದ 12 ವರ್ಷದ 104 ಮಕ್ಕಳು, ಇಬ್ಬಿಬ್ಬರ ಜೋಡಿ. ಕೆಲವರಿಗೆ ಗನ್ ಇರೋ ಸಿನಿಮಾ ತುಣುಕು ತೋರಿಸಿದರು, ಕೆಲವರಿಗೆ ಅದೇ ಸಿನಿಮಾದಲ್ಲಿ ಗನ್ ತೆಗೆದು. ಅದೂ ಮಕ್ಕಳು ನೋಡಬಹುದಾದ ಸಿನಿಮಾನೇ, ದೊಡ್ಡವರದ್ದಲ್ಲ. ಆಮೇಲೆ ಆಟದ ಸಾಮಾನು ಇರೋ ರೂಮಿಗೆ ಬಿಟ್ಟರು. ಅಲ್ಲಿದ್ದ ಕಪಾಟಿನ ಡ್ರಾಯರಲ್ಲಿ ನಿಜವಾದ .38 ಕ್ಯಾಲಿಬರ್ ಗನ್ ಇಟ್ಟಿದ್ದರು, ಗುಂಡು ಹಾರದ ಹಾಗೆ ಮಾಡಿ, ಟ್ರಿಗರ್ ಎಷ್ಟು ಸಲ ಎಳೆದರು ಅಂತ ಎಣಿಸೋ ಯಂತ್ರ ಹಾಕಿ.

ಹೆಚ್ಚಿನ ಜೋಡಿಗಳಿಗೆ ಗನ್ ಸಿಕ್ಕಿತು. ಹೊರಗೆ ಬಂದು ದೊಡ್ಡವರಿಗೆ ಹೇಳಿದವರು ಕಾಲು ಭಾಗದಷ್ಟು ಮಾತ್ರ. ಗನ್ ಇರೋ ಸಿನಿಮಾ ನೋಡಿದವರು ಅದನ್ನ ಸುಮಾರು 53 ಸೆಕೆಂಡ್ ಹಿಡಿದಿದ್ದರು, ನೋಡದವರು 11 ಸೆಕೆಂಡ್. ಟ್ರಿಗರ್ ಎಳೆದದ್ದೂ ನೋಡಿದವರೇ ಜಾಸ್ತಿ. ಒಂದು ಮಗು ಜೊತೆಗಿದ್ದ ಮಗುವಿನ ಕಣತಲೆಗೆ ಒತ್ತಿ ಟ್ರಿಗರ್ ಎಳೆಯಿತು.

ಗನ್ ಇಲ್ಲದಿದ್ದರೆ ಸಿನಿಮಾ ಸಿನಿಮಾನೇ, ಸರಿ. ಆದರೆ ಗನ್ ಇರೋ ಮನೆಗೆ ಹೋಗೋ ಮಗು ಏನು ನೋಡಿಕೊಂಡು ಹೋಗುತ್ತೆ ಅನ್ನೋದು ಲೆಕ್ಕಕ್ಕೆ ಬರುತ್ತೆ. 11 ಮತ್ತೆ 53ರ ನಡುವೆ 42 ಸೆಕೆಂಡ್ ಇದೆ ಸ್ವಾಮಿ.

ರಾತ್ರಿಪಾಳಿ

ಮೇಷ್ಟ್ರೇ, ಸಿನಿಮಾ ನೋಡದ ಮಕ್ಕಳೂ 11 ಸೆಕೆಂಡ್ ಹಿಡಿದರಲ್ಲ. ಗುಂಡು ಹಾರೋಕೆ ಒಂದು ಸೆಕೆಂಡ್ ಸಾಕು. ನೀವೇ ನನ್ನ ಪರವಾಗಿ ವಾದ ಮಾಡಿದ್ದೀರಿ, ಥ್ಯಾಂಕ್ಸ್.

ಹಳ್ಳಿ_ಮೇಷ್ಟ್ರು

ಹಿಡಿಯೋದು ಬೇರೆ, ಎಳೆಯೋದು ಬೇರೆ. ಆದರೂ ಈ ಪಾಯಿಂಟ್ ನಿಮಗೇ ಇರಲಿ.

ಕಾಫಿ_ಕಣಿವೆ

ನಾನು ಕೊಡಗಿನವನು, ವಿರಾಜಪೇಟೆ ಕಡೆ. ಗನ್ ಅಂದ ಕೂಡಲೇ ನಮ್ಮನ್ನ ಎಲ್ಲರೂ ಕೇಳ್ತಾರೆ, ಅದಕ್ಕೇ ಬರೀತಿದ್ದೇನೆ.

ನಮ್ಮ ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಸಾಕು. ಬ್ರಿಟಿಷರ ಕಾಲದಿಂದ ಬಂದಿದ್ದು. 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ 10 ವರ್ಷ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಗಂಡು ಮಗು ಹುಟ್ಟಿದರೆ ಗುಂಡು, ಸಾವಾದರೆ ಗುಂಡು, ಪುತ್ತರಿ ಸುಗ್ಗಿ ಹಬ್ಬದಲ್ಲಿ ಕದಿರು ತೆಗೆಯುವಾಗ ಗುಂಡು. ಕೈಲ್‌ಪೊಳ್ದ್, ಅಂದರೆ ನಮ್ಮ ಆಯುಧ ಪೂಜೆ ದಿನ ಕೋವಿಗೆ ತೋಕ್‌ಪೂ ಹೂವು ಮುಡಿಸಿ ಪೂಜೆ ಮಾಡಿ, ಆಮೇಲೆ ಬಯಲಲ್ಲಿ ತೆಂಗಿನಕಾಯಿಗೆ ಗುರಿ ಇಡೋದು.

ಇದನ್ನ ಕೇಳಿದವರು "ನಿಮ್ಮ ಮಕ್ಕಳಿಗೆ ಚಿಕ್ಕಂದಿನಿಂದ ಶಿಸ್ತು ಇರುತ್ತೆ ಬಿಡಿ" ಅಂತಾರೆ. ನಾವೂ ಹೆಮ್ಮೆಯಿಂದ ತಲೆ ಆಡಿಸ್ತೇವೆ. ಶಿಸ್ತು ಇತ್ತು, ನಿಜ. ಕೋಲು ಹಿಡಿದು ಆಡುವಾಗಲೂ ಮನುಷ್ಯರ ಕಡೆ ಗುರಿ ಇಟ್ಟರೆ ತಾತ ಬೆನ್ನಿಗೆ ಬಿಡೋರು. ಆದರೆ ನಾನು ಒಂದು ಮಧ್ಯಾಹ್ನದ ಕತೆ ಹೇಳ್ತೇನೆ, ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನನಗೆ 10, ಚಿಕ್ಕಪ್ಪನ ಮಗನಿಗೆ 9. ದೊಡ್ಡವರೆಲ್ಲ ಮದುವೆಗೆ ಹೋಗಿದ್ದರು, ಅಜ್ಜಿ ಹಿತ್ತಲಲ್ಲಿ ಕಾಳುಮೆಣಸು ಹರಡುತ್ತಿದ್ದರು. ಇವನು ಕುರ್ಚಿ ಹತ್ತಿ ಗೋಡೆಯಿಂದ ಜೋಡಿ ನಳಿಗೆ ಕೋವಿ ಇಳಿಸಿದ. ತಾತ ಮಾಡೋದನ್ನ ನೂರು ಸಲ ನೋಡಿದ್ದೆವಲ್ಲ, ಮಡಚಿ ನೋಡಿದೆವು, ಖಾಲಿ. ಮುಚ್ಚಿದೆವು. ಅವನು ನನ್ನ ಕಡೆ ತಿರುಗಿಸಿದ. ನಾನು ನಗ್ತಿದ್ದೆ. ಟಕ್ ಅಂತ ಶಬ್ದ ಆಯ್ತು. ಆ ಟಕ್ ಇವತ್ತಿಗೂ ಕಿವಿಯಲ್ಲಿದೆ. ಆಗ ನಮ್ಮ ಮನೆಯಲ್ಲಿ ಟಿವಿ ಕೂಡ ಇರಲಿಲ್ಲ, ಗೇಮ್ ಅಂತೂ ದೂರದ ಮಾತು.

ನಾನು ಬದುಕಿರೋದು ನಮ್ಮ ಶಿಸ್ತಿನಿಂದ ಅಲ್ಲ. ತಾತ ತೋಟಾಗಳನ್ನ ಬಿಸ್ಕತ್ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನ ಬೀರುವಿನಲ್ಲಿಟ್ಟು, ಬೀಗದ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಮದುವೆಗೆ ಹೋಗಿದ್ದರು, ಅದರಿಂದ. ನಿಮ್ಮ ಮಗನ ಫ್ರೆಂಡ್ ಅಪ್ಪನ ಡ್ರಾಯರ್‌ನಲ್ಲಿರೋದು ಕಳ್ಳ ಬಂದಾಗ ತೆಗೆಯೋಕೆ ಇಟ್ಟಿದ್ದು. ಅಂದರೆ ಲೋಡ್ ಆಗೇ ಇರುತ್ತೆ. ಕೋವಿಗೂ ಅದಕ್ಕೂ ಅಲ್ಲೇ ವ್ಯತ್ಯಾಸ.

2025ರ ಫೆಬ್ರುವರಿಯಲ್ಲಿ ನಾಗಮಂಗಲದ ಹತ್ತಿರ ಕೋಳಿ ಫಾರಂನಲ್ಲಿ ಆಗಿದ್ದೂ ಇಷ್ಟೇ. ಹದಿಹರೆಯದ ಹುಡುಗ ಅಲ್ಲಿದ್ದ ಕೋವಿ ಎತ್ತಿಕೊಂಡು ಆಡಿದ, 4 ವರ್ಷದ ಮಗು ಹೋಯಿತು. ಅಲ್ಲಿ ತೋಟಾ ಒಳಗೇ ಇತ್ತು.

ಹೂಸ್ಟನ್_ಹಳಬಳು

ಡಲ್ಲಾಸ್ ಅಮ್ಮ, ನಾನು ಟೆಕ್ಸಸ್‌ಗೆ ಬಂದು 19 ವರ್ಷ ಆಯ್ತು, ಎರಡು ಮಕ್ಕಳನ್ನ ಇಲ್ಲೇ ಬೆಳೆಸಿದೆ. ಗಂಡಸರ ಜಗಳ ಒಂದು ಕಡೆ ಇರಲಿ, ನಿಮ್ಮ ಶನಿವಾರದ ವಿಷಯ ಮೊದಲು ನೋಡೋಣ.

ಕೇಳೋದು ಸುಲಭ. ಅದೊಂದನ್ನೇ ಕೇಳಬೇಡಿ, ನಾಲ್ಕರ ಜೊತೆ ಸೇರಿಸಿ. ನಾನು ಯಾವಾಗಲೂ ಮೆಸೇಜ್ ಹಾಕ್ತಿದ್ದೆ: ಇವಳಿಗೆ ಕಡಲೆಕಾಯಿ ಆಗಲ್ಲ, ನಾವು ಬೀಫ್ ತಿನ್ನಲ್ಲ, ನಿಮ್ಮ ಪೂಲ್‌ಗೆ ಬೇಲಿ ಇದೆಯಾ, ಮನೆಯಲ್ಲಿ ಗನ್ ಇದ್ದರೆ ಲಾಕ್ ಆಗಿದೆಯಾ. "ಗನ್ ಇದೆಯಾ" ಅಂತ ಕೇಳಬೇಡಿ, "ಲಾಕ್ ಆಗಿದೆಯಾ" ಅಂತ ಕೇಳಿ. ಮೊದಲನೆಯದು ಇಲ್ಲಿ ರಾಜಕೀಯ ಆಗುತ್ತೆ. ಎರಡನೆಯದು ಬರೀ ಅಮ್ಮನ ಪ್ರಶ್ನೆ. ಇಷ್ಟು ವರ್ಷದಲ್ಲಿ ಒಬ್ಬಳೇ ಒಬ್ಬಳು ಮುಖ ಗಂಟು ಹಾಕಿದ್ದು. ಉಳಿದವರಲ್ಲಿ ಎಷ್ಟೋ ಜನ "ಕೇಳಿದ್ದು ಒಳ್ಳೇದಾಯ್ತು" ಅಂದಿದ್ದಾರೆ, ಗನ್ ಇಟ್ಟುಕೊಂಡವರೇ.

ಮತ್ತೆ ಇದು ಬರೀ ಬಿಳಿಯರ ಮನೆ ಪ್ರಶ್ನೆ ಅಂದುಕೊಳ್ಳಬೇಡಿ. ನಮ್ಮ ಯುಗಾದಿ ಊಟಕ್ಕೆ ಬರೋ ಎರಡು ಮನೆಯಲ್ಲಿ ಗನ್ ಇದೆ ಅಂತ ನನಗೇ ಗೊತ್ತು. ಕೊರೋನಾ ಟೈಮಲ್ಲಿ ತಗೊಂಡಿದ್ದು. ಅವರನ್ನ ಕೇಳೋದು ಇನ್ನೂ ಕಷ್ಟ, ಒಬ್ಬಟ್ಟು ಬಡಿಸುವಾಗ ಹೇಗೆ ಕೇಳೋದು ಹೇಳಿ. ಆದರೂ ಕೇಳಿದೆ. ಒಬ್ಬರು ಶೂ ಡಬ್ಬಿಯಲ್ಲಿ ಇಟ್ಟಿದ್ದರು! ಇಂಜಿನಿಯರು ಅವರು. ಫೋನ್‌ಗೆ ಮೂರು ಪಾಸ್‌ವರ್ಡ್ ಹಾಕಿರೋ ಮನುಷ್ಯ.

ಅಮೆರಿಕದಲ್ಲಿ ಲೋಡ್ ಆಗಿ, ಬೀಗ ಇಲ್ಲದ ಗನ್ ಇರೋ ಮನೆಗಳಲ್ಲಿ ಬೆಳೀತಿರೋ ಮಕ್ಕಳು ಸುಮಾರು 46 ಲಕ್ಷ ಅಂತ 2021ರ ಸಮೀಕ್ಷೆ ಹೇಳಿತ್ತು. 2020ರಲ್ಲಿ ಇಲ್ಲಿ ಒಂದರಿಂದ 19 ವರ್ಷದವರ ಸಾವಿಗೆ ಮೊದಲ ಕಾರಣ ಕಾರ್ ಅಪಘಾತ ಹೋಗಿ ಗನ್ ಆಯಿತು. ಅದರಲ್ಲಿ ಸ್ಕೂಲ್ ಶೂಟಿಂಗ್ ತುಂಬಾ ಸಣ್ಣ ಪಾಲು. ಟಿವಿಯಲ್ಲಿ ಬರದ ಸಾವುಗಳೇ ಜಾಸ್ತಿ. ದೊಡ್ಡ ಮಕ್ಕಳಲ್ಲಿ ಒಂದು ಕೆಟ್ಟ ರಾತ್ರಿ, ಒಂದು ದುಡುಕು, ಕೈಗೆ ಎಟುಕಿದ ಅಪ್ಪನ ಗನ್. ಅದಕ್ಕೇ ನನ್ನ ಮಗಳು ಹೈಸ್ಕೂಲಿಗೆ ಹೋದ ಮೇಲೂ ನಾನು ಕೇಳೋದು ನಿಲ್ಲಿಸಲಿಲ್ಲ. ಅವಳಿಗೆ ಮಾತ್ರ ನಾಚಿಕೆ ಆಗ್ತಿತ್ತು.

ಕಾನೂನೂ ಸ್ವಲ್ಪ ಎಚ್ಚೆತ್ತಿದೆ. 17ರೊಳಗಿನ ಮಗುವಿನ ಕೈಗೆ ಲೋಡ್ ಆದ ಗನ್ ಸಿಗೋ ಹಾಗೆ ಬಿಡೋದು ಟೆಕ್ಸಸ್‌ನಲ್ಲೂ ಅಪರಾಧ. ಮಿಷಿಗನ್‌ನಲ್ಲಿ 2021ರಲ್ಲಿ ಶಾಲೆಯಲ್ಲಿ ನಾಲ್ಕು ಮಕ್ಕಳನ್ನ ಕೊಂದ ಹುಡುಗನ ಅಪ್ಪ ಅಮ್ಮ ಇಬ್ಬರಿಗೂ 2024ರಲ್ಲಿ 10ರಿಂದ 15 ವರ್ಷ ಜೈಲಾಯಿತು. ಆ ಗನ್ ಅಪ್ಪನೇ ನಾಲ್ಕು ದಿನ ಮೊದಲು ಅಂಗಡಿಯಿಂದ ತಂದುಕೊಟ್ಟಿದ್ದು.

ಗೇಮ್ ಬಗ್ಗೆ: ಫೋರ್ಟ್‌ನೈಟ್‌ಗೆ ಇಲ್ಲಿ 13ರ ಮೇಲಿನವರಿಗೆ ಅಂತ ರೇಟಿಂಗ್ ಇದೆ, ಅವನಿಗೆ 8. ಹಾಗಾಗಿ ಐಪ್ಯಾಡ್ ಮೇಲೆ ಇರಲಿ, ನಿಮ್ಮ ಯಜಮಾನರು ಅಷ್ಟರಮಟ್ಟಿಗೆ ಸರಿ. ಆದರೆ ಅದನ್ನ ಮೇಲಿಟ್ಟ ಮಾತ್ರಕ್ಕೆ ಪಕ್ಕದ ಮನೆ ಡ್ರಾಯರ್‌ಗೆ ಬೀಗ ಬೀಳಲ್ಲ ಅಂತ ಅವರಿಗೆ ಹೇಳಿ. ಮಗನಿಗೆ ಹೇಳಿಕೊಡಿ: ಕಂಡರೆ ಮುಟ್ಟಬೇಡ, ಆ ರೂಮಿಂದ ಹೊರಗೆ ಬಾ, ದೊಡ್ಡವರಿಗೆ ಹೇಳು. ಆದರೆ ಹೇಳಿಕೊಟ್ಟಿದ್ದೀನಿ ಅಂತ ನೀವು ನೆಮ್ಮದಿಯಾಗಿ ನಿದ್ದೆ ಮಾಡಬೇಡಿ. ಎಂಟು ವರ್ಷದವನು ಎಂಟು ವರ್ಷದವನೇ.

ಹಳ್ಳಿ_ಮೇಷ್ಟ್ರು

ಹಳಬಳು ಮೇಡಂ ಹೇಳಿದ ಮೇಲೆ ನನ್ನದೇನೂ ಇಲ್ಲ. ಒಂದು ಸೇರಿಸ್ತೀನಿ. ನಮ್ಮ ದೇಶದಲ್ಲಿ ಇದೆಲ್ಲ ಇಲ್ಲ ಅಂದುಕೊಳ್ಳಬೇಡಿ. 2024ರಲ್ಲಿ ಬಿಹಾರದ ಸುಪೌಲ್‌ನಲ್ಲಿ ನರ್ಸರಿ ಹುಡುಗ ಸ್ಕೂಲ್ ಬ್ಯಾಗಲ್ಲಿ ಪಿಸ್ತೂಲು ತಂದು ಮೂರನೇ ಕ್ಲಾಸಿನವನ ಕೈಗೆ ಗುಂಡು ಹಾರಿಸಿದ. ನರ್ಸರಿ! ಬ್ಯಾಗಲ್ಲಿ ಊಟದ ಡಬ್ಬಿ ಇದೆಯಾ ಅಂತ ನೋಡಬೇಕಾದ ವಯಸ್ಸು.

ಅಂದ ಹಾಗೆ ತಂಗಿ, ನೀವು ಯಾವ ಊರಿನವರು? "ಸಟ್ಟುಗ" ಅಂದಿದ್ದು ನೋಡಿ ಮಲೆನಾಡು ಅನ್ನಿಸ್ತು.

ಡಲ್ಲಾಸ್_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾಫಿ ಕಣಿವೆಯವರೇ, ನಿಮ್ಮ ಟಕ್ ಓದಿ ರಾತ್ರಿ ನಿದ್ದೆ ಬರಲಿಲ್ಲ.

ಹಳಬಳು ಅಕ್ಕ ಹೇಳಿದ ಹಾಗೇ ಮೆಸೇಜ್ ಹಾಕಿದೆ. ಮೊಟ್ಟೆ ಇಲ್ಲದ ಕೇಕ್ ಇದ್ದರೆ ಒಳ್ಳೇದು, ನಾಯಿಗೆ ಹೆದರ್ತಾನೆ, ಗನ್ ಇದ್ದರೆ ಲಾಕ್ ಆಗಿರುತ್ತಾ. ಕಳಿಸಿ ಫೋನ್ ಬೋರಲು ಹಾಕಿಟ್ಟೆ. ಹತ್ತು ನಿಮಿಷಕ್ಕೆ ಉತ್ತರ ಬಂತು. ದೊಡ್ಡವೆಲ್ಲ ಗ್ಯಾರೇಜಿನ ಸೇಫ್‌ನಲ್ಲಿವೆ, ಮಂಚದ ಪಕ್ಕದ್ದು ಒಂದು ಮಾತ್ರ ಹೊರಗಿರುತ್ತೆ, ಆದರೆ ಮಗನಿಗೆ ಅದು ಗೊತ್ತಿಲ್ಲ ಅಂತ. ಅವನಿಗೆ ಗೊತ್ತು, ಭಾರ ಎಷ್ಟಿದೆ ಅಂತಲೂ ಗೊತ್ತು ಅಂತ ನಾನು ಹೇಳಬೇಕಾಯ್ತು. ಆಕೆ ಫೋನೇ ಮಾಡಿದಳು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಅತ್ತಳು. ಆ ಗನ್ ಈಗ ಸೇಫ್‌ಗೆ ಹೋಗಿದೆ, ಫೋಟೋ ಕಳಿಸಿದ್ದಾಳೆ. ಆದರೂ ಈ ಸಲ ಮಗನನ್ನ ರಾತ್ರಿ 9ಕ್ಕೆ ಕರ್ಕೊಂಡು ಬರ್ತೀನಿ ಅಂದಿದ್ದೀನಿ. ಅವಳು ಒಪ್ಪಿದಳು. ಮಗನಿಗೆ ಮಾತ್ರ ಸಿಟ್ಟು.

ಮೇಷ್ಟ್ರೇ, ಸಾಗರದ ಹತ್ತಿರ ನಮ್ಮ ಮನೆ, ಅಡಿಕೆ ತೋಟ. ನೀವು ಊರು ಕೇಳಿದ್ದನ್ನ ಓದುವಾಗ ಮಗ ಪಕ್ಕದಲ್ಲೇ ಇದ್ದ. "ಅಮ್ಮ, ಅಜ್ಜನ ಮನೆಯಲ್ಲೂ ಗನ್ ಇದೆಯಲ್ಲ, ಬಾಗಿಲ ಹಿಂದೆ" ಅಂದ. ಇದೆ. ಮಂಗ ಓಡಿಸೋಕೆ, ಬೆಳೆ ರಕ್ಷಣೆ ಲೈಸೆನ್ಸಿಂದು. ಎಲೆಕ್ಷನ್ ಬಂದರೆ ಸ್ಟೇಷನ್‌ಗೆ ಕೊಟ್ಟು ಬರೋದು, ಮುಗಿದ ಮೇಲೆ ತಂದು ಅದೇ ಮೊಳೆಗೆ ನೇತು ಹಾಕೋದು. ಹುಟ್ಟಿದಾಗಿನಿಂದ ನೋಡಿದ್ದೇನೆ, ಕೊಡೆಯಷ್ಟೇ ಸಹಜ. ಪ್ರತಿ ಜೂನ್‌ನಲ್ಲಿ ಇವನು ಅಲ್ಲಿ ಒಂದು ತಿಂಗಳು ಇರ್ತಾನೆ. ಟೆಕ್ಸಸ್ ಅಮ್ಮನಿಗೆ ಮೆಸೇಜ್ ಹಾಕೋಕೆ ಮೂರು ದಿನ ಯೋಚನೆ ಮಾಡಿದವಳು ನಾನು, ಇದು ತಲೆಗೇ ಬಂದಿರಲಿಲ್ಲ.

ಕೂಡಲೇ ಫೋನ್ ಮಾಡಿದೆ. ಅಪ್ಪಯ್ಯ ನಕ್ಕರು, "ಅದು ತುಕ್ಕು ಹಿಡಿದು ಹೋಗಿದೆ ಮಾರಾಯ್ತಿ, ಮಂಗಾನೂ ಹೆದರಲ್ಲ."

"ತೋಟಾ ಎಲ್ಲಿಟ್ಟಿದ್ದೀರಿ ಅಪ್ಪಯ್ಯ?"

"ಅಲ್ಲೇ, ಅದರ ಕೆಳಗಿನ ಮೇಜಲ್ಲಿ. ನಿನ್ನ ಮಗನ ಬಣ್ಣದ ಪೆನ್ಸಿಲ್ ಡಬ್ಬಿ ಪಕ್ಕ."

ಕಾಫಿ_ಕಣಿವೆ

ಮೇಡಂ, ಇವತ್ತೇ ತೆಗೆಸಿ. ಜೂನ್ ತನಕ ಕಾಯಬೇಡಿ, ಅಲ್ಲಿ ಅಕ್ಕಪಕ್ಕದ ಮಕ್ಕಳೂ ಬರ್ತಾರಲ್ಲ.

ಡಲ್ಲಾಸ್_ಅಮ್ಮ

ತಮ್ಮ ಬೀಗ ತರೋಕೆ ಪೇಟೆಗೆ ಹೋಗಿದ್ದಾನೆ. ಅಪ್ಪಯ್ಯ ನನ್ನ ಹತ್ರ ಮಾತು ಬಿಟ್ಟಿದ್ದಾರೆ.